ಕೆಲಸ ಹುಡುಕುವಾಗ ದೇವರ ನಡೆಸುವಿಕೆಗೆ ಒಪ್ಪಿಸಿಕೊಳ್ಳುವುದು ಹೇಗೆ: ಮುಂಬೈ, ಪುಣೆ, ಗೋವಾದ ಕನ್ನಡ ಕ್ರೈಸ್ತರಿಗೆ ಹಂತ ಹಂತದ ಮಾರ್ಗದರ್ಶಿ

ಭಾನುವಾರದ ಆರಾಧನೆ ಮುಗಿದು ಎಲ್ಲರೂ ಚಹಾದ ಲೋಟ ಹಿಡಿದು ನಿಂತಿರುವಾಗ ಯಾರಾದರೊಬ್ಬರು ಹತ್ತಿರ ಬಂದು ಹೇಳುವ ಮಾತು ವರ್ಷಗಳಿಂದ ಒಂದೇ ಆಗಿದೆ: "ಪ್ರಾರ್ಥನೆ ಮಾಡುತ್ತಲೇ ಇದ್ದೇನೆ, ದೇವರ ಚಿತ್ತ ಮಾತ್ರ ತಿಳಿಯುತ್ತಿಲ್ಲ." ಅವರ ಜೊತೆ ಕುಳಿತು ನಿಧಾನವಾಗಿ ವಿಚಾರಿಸಿದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಸಂಗತಿ ಹೊರಬೀಳುತ್ತದೆ. ಕೆಲವರು ಯಾವ ಕಂಪನಿ, ಯಾವ ಊರು, ಎಷ್ಟು ಸಂಬಳ ಎಂಬುದನ್ನೆಲ್ಲ ಆಗಲೇ ತೀರ್ಮಾನಿಸಿ, ಆ ತೀರ್ಮಾನಕ್ಕೆ ದೇವರ ರುಜು ಹಾಕಿಸಿಕೊಳ್ಳಲು ಮೊಣಕಾಲೂರಿರುತ್ತಾರೆ. ಇನ್ನು ಕೆಲವರು ಪ್ರಾಮಾಣಿಕವಾಗಿ ಪ್ರಾರ್ಥಿಸುತ್ತಾರೆ, ಆದರೆ ಹಿಂದಿನ ತಿಂಗಳು ಎಷ್ಟು ಅರ್ಜಿ ಹಾಕಿದಿರಿ ಎಂದು ಕೇಳಿದರೆ ಉತ್ತರ ಬರುವುದಿಲ್ಲ.

ಇಬ್ಬರಲ್ಲೂ ನಂಬಿಕೆಗೆ ಕೊರತೆಯಿಲ್ಲ; ಹೆಜ್ಜೆಗಳ ಕ್ರಮ ತಪ್ಪಿದೆ. ಕೊನೆಯಲ್ಲಿ ಮಾಡಬೇಕಾದದ್ದನ್ನು ಮೊದಲು ಮಾಡಿದರೆ, ಅಂದರೆ ಯಾವ ಕೆಲಸ ಒಪ್ಪಬಹುದು, ಯಾವುದನ್ನು ಒಪ್ಪಬಾರದು ಎಂಬ ಮೇರೆಗಳನ್ನು ಗೊತ್ತುಮಾಡಿಕೊಳ್ಳುವ ಮೊದಲೇ ದೇವರ ಚಿತ್ತದ ಗುರುತುಗಳನ್ನು ಹುಡುಕಲು ಹೊರಟರೆ, ಸಿಕ್ಕಿದ ಮೊದಲ ಕೆಲಸವೇ ದೇವರು ತೆರೆದ ಬಾಗಿಲಿನಂತೆಯೂ ತಪ್ಪಿದ ಪ್ರತಿಯೊಂದು ಕೆಲಸ ದೇವರ ಶಿಕ್ಷೆಯಂತೆಯೂ ಕಾಣುತ್ತದೆ. ಆದುದರಿಂದ ಕೆಳಗಿನ ಎಂಟು ಹಂತಗಳನ್ನು ಕೊಟ್ಟಿರುವ ಕ್ರಮದಲ್ಲಿಯೇ ಅನುಸರಿಸಬೇಕು.

ಮೊದಲು ಸಿದ್ಧಪಡಿಸಿಕೊಳ್ಳಬೇಕಾದವು

200 ಪುಟದ ಒಂದು ನೋಟ್‌ಬುಕ್, ಬ್ಯಾಂಕಿನ ಆರು ತಿಂಗಳ ಸ್ಟೇಟ್‌ಮೆಂಟ್, ಗೋಡೆಗೆ ತೂಗುಹಾಕುವ ಕ್ಯಾಲೆಂಡರ್ ಮತ್ತು ಅಚ್ಚಿನ ಸತ್ಯವೇದ ಬೇಕು. ಸತ್ಯವೇದವನ್ನು ಮೊಬೈಲ್‌ನಲ್ಲಿ ಓದಬಾರದೆಂಬ ನಿಯಮವೇನೂ ಇಲ್ಲ. ಆದರೆ ಕೀರ್ತನೆ ಓದುತ್ತಿರುವಾಗಲೇ ಪರದೆಯ ಮೇಲೆ ನೌಕರಿಯ ಸಂದೇಶ ಬಂದರೆ ಮನಸ್ಸು ಎತ್ತ ಹೋಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇವುಗಳ ಜೊತೆಗೆ ಇಬ್ಬರು ಸಲಹೆಗಾರರು ಬೇಕು. ಒಬ್ಬರು ನಿಮ್ಮ ಆತ್ಮಿಕ ಜೀವನವನ್ನು ಬಲ್ಲವರಾಗಿರಬೇಕು: ಸಭಾಪಾಲಕರು, ಫಾದರ್ ಅಥವಾ ಸಭೆಯ ಹಿರಿಯರಲ್ಲಿ ಒಬ್ಬರು. ಇನ್ನೊಬ್ಬರು ನಿಮ್ಮ ವೃತ್ತಿಯನ್ನು ಬಲ್ಲವರಾಗಿರಬೇಕು; ಅವರು ಕ್ರೈಸ್ತರೇ ಆಗಿರಬೇಕೆಂದಿಲ್ಲ. ಆಲೋಚನೆ ಹೇಳುವವರು ಬಹಳ ಮಂದಿ ಇದ್ದರೆ ಉದ್ದೇಶಗಳು ಈಡೇರುತ್ತವೆ ಎಂಬ ಜ್ಞಾನೋಕ್ತಿ 15:22ರ ಮಾತನ್ನು ನಾವು ಸಭೆಯಲ್ಲಿ ಓದುತ್ತೇವೆ, ಆದರೆ ವೆಲ್ಡಿಂಗ್ ಕೆಲಸದ ಬಗ್ಗೆಯೂ ಸಾಫ್ಟ್‌ವೇರ್ ಕೆಲಸದ ಬಗ್ಗೆಯೂ ಪಾಸ್ಟರೊಬ್ಬರನ್ನೇ ಕೇಳುತ್ತೇವೆ. ಅದು ಅವರಿಗೂ ಅನ್ಯಾಯ.

ಕೊನೆಯದಾಗಿ, ಕಾಗದಪತ್ರಗಳ ಒಂದು ಫೈಲು. ಅಂಕಪಟ್ಟಿಗಳು, ಹಿಂದಿನ ಕಂಪನಿಗಳ ಅನುಭವ ಪತ್ರ ಮತ್ತು ರಿಲೀವಿಂಗ್ ಪತ್ರ, ಮೂರು ತಿಂಗಳ ಸಂಬಳದ ಚೀಟಿ, ಫಾರ್ಮ್ 16 (ಸಂಬಳದಲ್ಲಿ ಕಡಿತವಾದ ತೆರಿಗೆಯ ಪ್ರಮಾಣಪತ್ರ), ಭವಿಷ್ಯನಿಧಿಯ ಯುಎಎನ್ ಸಂಖ್ಯೆ, ಆಧಾರ್ ಮತ್ತು ಪ್ಯಾನ್ ಅದರಲ್ಲಿರಲಿ. ಇಲ್ಲಿ ನಮ್ಮವರಿಗೆ ವಿಶೇಷವಾದ ತೊಡಕೊಂದಿದೆ. ಕರ್ನಾಟಕದ ಶಾಲೆಯ ದಾಖಲೆಯಲ್ಲಿ ಹೆಸರಿನ ಜೊತೆ ಇನಿಷಿಯಲ್ ಇರುತ್ತದೆ. ಮಹಾರಾಷ್ಟ್ರದಲ್ಲಿ ಮಾಡಿಸಿದ ಆಧಾರ್‌ನಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಇಲ್ಲಿನ ಪದ್ಧತಿ ಬಂದಿರುತ್ತದೆ. ಕೆಲವರಿಗೆ ಇದರ ಮೇಲೆ ದೀಕ್ಷಾಸ್ನಾನದ ಹೆಸರೊಂದು ಬೇರೆ. ಮೂರು ಕಾಗದದಲ್ಲಿ ಮೂರು ಹೆಸರಿರುವ ಕಾರಣಕ್ಕೆ ದಾಖಲೆ ಪರಿಶೀಲನೆಯಲ್ಲಿ ಕೆಲಸ ತಪ್ಪಿಹೋದವರು "ದೇವರು ಬಾಗಿಲು ಮುಚ್ಚಿದರು" ಎಂದು ಹೇಳುವುದನ್ನು ಕೇಳಿದ್ದೇನೆ. ಆ ಬಾಗಿಲಿನ ಬೀಗದ ಕೈ ಆಧಾರ್ ಕೇಂದ್ರದಲ್ಲಿತ್ತು.

ಹಂತ 1: ಮನೆಯ ಲೆಕ್ಕವನ್ನು ಬರೆಯುವುದು

ಪ್ರಾರ್ಥನೆಗಿಂತ ಮೊದಲು ಲೆಕ್ಕವೇ ಎಂದು ಕೆಲವರಿಗೆ ಅನಿಸಬಹುದು. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚನ್ನು ಲೆಕ್ಕ ಹಾಕುತ್ತಾನಲ್ಲವೇ ಎಂದು ಲೂಕ 14:28ರಲ್ಲಿ ಕರ್ತನೇ ಕೇಳಿದ್ದಾನೆ. ಇದಕ್ಕೊಂದು ವ್ಯಾವಹಾರಿಕ ಕಾರಣವೂ ಇದೆ: ಕೈಯಲ್ಲಿರುವ ಹಣ ಎಷ್ಟು ದಿನಕ್ಕೆ ಸಾಕೆಂದು ತಿಳಿಯದವನಿಗೆ ಪ್ರತಿದಿನವೂ ಕೊನೆಯ ದಿನದಂತೆ ತೋರುತ್ತದೆ, ಮತ್ತು ಆ ಗಾಬರಿಯ ಧ್ವನಿಯನ್ನೇ ಅವನು ದೇವರ ಪ್ರೇರಣೆಯೆಂದು ತಿಳಿಯುತ್ತಾನೆ.

ಬಾಡಿಗೆ, ದಿನಸಿ, ವಿದ್ಯುತ್, ಮಕ್ಕಳ ಫೀಸು, ಸಾಲದ ಕಂತು, ಲೋಕಲ್ ರೈಲಿನ ಪಾಸು, ಊರಿಗೆ ಕಳುಹಿಸುವ ಹಣ, ಇಷ್ಟನ್ನೂ ತಿಂಗಳ ಲೆಕ್ಕದಲ್ಲಿ ಬರೆಯಿರಿ. ಊರಿಗೆ ಕಳುಹಿಸುವ ಹಣವನ್ನು ಬಿಟ್ಟು ಲೆಕ್ಕ ಮಾಡುವುದೇ ನಮ್ಮವರ ಸಾಮಾನ್ಯ ತಪ್ಪು. ಉಳಿತಾಯ 96,000 ರೂಪಾಯಿ, ತಿಂಗಳ ಖರ್ಚು 24,000 ರೂಪಾಯಿ ಎಂದಿಟ್ಟುಕೊಂಡರೆ ನಾಲ್ಕು ತಿಂಗಳ ಕಾಲಾವಕಾಶವಿದೆ. ಕ್ಯಾಲೆಂಡರಿನಲ್ಲಿ ಮೂರನೆಯ ತಿಂಗಳ ಕೊನೆಯ ದಿನವನ್ನು ಗುರುತು ಮಾಡಿ. ಅಲ್ಲಿಯವರೆಗೆ ನಿಮಗೆ ಒಪ್ಪುವ ಕೆಲಸವನ್ನೇ ಹುಡುಕಬೇಕು. ಅಂದಿನಿಂದ ತಾತ್ಕಾಲಿಕ ಕೆಲಸವನ್ನೂ ಒಪ್ಪಿಕೊಳ್ಳಬೇಕು. ಹೀಗೆ ದಿನಾಂಕ ಹಾಕಿಕೊಂಡರೆ ದೇವರ ಮೇಲಿನ ನಂಬಿಕೆ ಕಡಿಮೆಯಾಯಿತೆಂದು ತಿಳಿಯಬೇಕಾಗಿಲ್ಲ. ಅಡವಿಯಲ್ಲಿ ಮನ್ನವನ್ನು ಕೊಟ್ಟವನು ದೇವರೇ ಆದರೂ ಜನರು ಬೆಳಿಗ್ಗೆ ಎದ್ದು ಹೊರಗೆ ಹೋಗಿ, ಬಿಸಿಲೇರಿ ಕರಗುವ ಮುನ್ನ, ಅಳತೆ ಹಾಕಿ ಕೂಡಿಸಿಕೊಳ್ಳಬೇಕಾಗಿತ್ತು. ಆರನೆಯ ದಿನ ಎರಡರಷ್ಟು ಕೂಡಿಸಬೇಕೆಂಬ ಲೆಕ್ಕವೂ ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿಯೇ ಇದೆ.

ಎಚ್ಚರಿಕೆಯ ಲಕ್ಷಣ: ಲೆಕ್ಕವನ್ನು ಹೆಂಡತಿಗೆ ಅಥವಾ ಗಂಡನಿಗೆ ತೋರಿಸಲು ಮನಸ್ಸು ಹಿಂಜರಿಯುತ್ತಿದ್ದರೆ ಅದು ಅಪೂರ್ಣವಾಗಿದೆ ಎಂದು ತಿಳಿಯಿರಿ. ಮುಚ್ಚಿಟ್ಟ ಸಾಲವೊಂದು ಎಲ್ಲೋ ಇದೆ.

ಹಂತ 2: ಏನನ್ನು ಬೇಡಬೇಕೆಂದು ತಿಳಿದು ಬೇಡುವುದು

ಮೊದಲ ವಾರ ಯಾವ ಕಂಪನಿಯ ಹೆಸರನ್ನೂ ಎತ್ತಿ ಪ್ರಾರ್ಥಿಸಬೇಡಿ. ಯಾಕೋಬನ ಪತ್ರಿಕೆ 1:5ರಲ್ಲಿ ಕೊರತೆಯಿದ್ದವನು ಬೇಡಬೇಕಾದದ್ದು ಜ್ಞಾನವನ್ನು ಎಂದಿದೆ. ಉದ್ಯೋಗ, ಸಂಬಳ, ಊರು ಇವೆಲ್ಲ ಆ ಜ್ಞಾನದಿಂದ ಅಳೆದು ನೋಡಬೇಕಾದ ಸಂಗತಿಗಳು. ಬೆಳಿಗ್ಗೆ ಫೋನ್ ಮುಟ್ಟುವ ಮೊದಲು ಇಪ್ಪತ್ತು ನಿಮಿಷ ಸಾಕು. ಐದು ನಿಮಿಷ ಓದು, ಹತ್ತು ನಿಮಿಷ ಪ್ರಾರ್ಥನೆ, ಐದು ನಿಮಿಷ ನೋಟ್‌ಬುಕ್‌ನಲ್ಲಿ ಬರಹ. ಬರಹವನ್ನು ಬಿಡಬಾರದು, ಏಕೆಂದರೆ ಎರಡು ತಿಂಗಳ ನಂತರ ನೀವು ಏನನ್ನು ಬೇಡಿದ್ದಿರಿ ಎಂಬುದನ್ನು ನೆನಪು ತನಗೆ ಬೇಕಾದಂತೆ ತಿದ್ದಿಕೊಂಡಿರುತ್ತದೆ.

ಓದಲು ನೆಹೆಮೀಯನ ಮೊದಲ ಎರಡು ಅಧ್ಯಾಯಗಳಿಂದ ಆರಂಭಿಸಬಹುದು. ಕಿಸ್ಲೇವ್ ತಿಂಗಳಲ್ಲಿ ಯೆರೂಸಲೇಮಿನ ಸುದ್ದಿ ಕೇಳಿ ಅತ್ತವನು ಅರಸನ ಮುಂದೆ ಬಾಯಿ ತೆರೆದದ್ದು ನೀಸಾನ್ ತಿಂಗಳಲ್ಲಿ. ನಡುವೆ ಸುಮಾರು ನಾಲ್ಕು ತಿಂಗಳು ಕಳೆದಿವೆ. ಆದರೆ ಅರಸನು ನಿನಗೇನು ಬೇಕೆಂದು ಕೇಳಿದ ಗಳಿಗೆಯಲ್ಲಿ ಅವನು ತಡವರಿಸಲಿಲ್ಲ. ಎಷ್ಟು ಕಾಲ ಬೇಕು, ಯಾವ ದೇಶಾಧಿಪತಿಗಳಿಗೆ ಪತ್ರ ಬೇಕು, ಮರಕ್ಕಾಗಿ ವನಪಾಲಕನಾದ ಆಸಾಫನಿಗೆ ಯಾವ ಆಜ್ಞೆ ಬೇಕು, ಎಲ್ಲವೂ ಸಿದ್ಧವಾಗಿತ್ತು. ಆ ನಾಲ್ಕು ತಿಂಗಳು ಪ್ರಾರ್ಥನೆಯೂ ಯೋಜನೆಯೂ ಒಂದೇ ಮನಸ್ಸಿನಲ್ಲಿ ಕೂಡಿಯೇ ನಡೆದಿದ್ದವು. ಸಂದರ್ಶನದಲ್ಲಿ "ಎಷ್ಟು ಸಂಬಳ ನಿರೀಕ್ಷಿಸುತ್ತೀರಿ?" ಎಂದು ಕೇಳಿದಾಗ "ನೀವೇ ನೋಡಿ ಕೊಡಿ ಸರ್" ಎಂದು ತಲೆ ತಗ್ಗಿಸುವ ನಮ್ಮ ಹುಡುಗರು ಇದನ್ನು ಎರಡು ಸಾರಿ ಓದಬೇಕು.

ಕರಾವಳಿಯ ಕಡೆಯಿಂದ ಬಂದ ಕಥೋಲಿಕರಲ್ಲಿ ಅನೇಕರು ಮಾಹಿಮ್‌ನ ಸಂತ ಮೈಕಲರ ದೇವಾಲಯದಲ್ಲಿ ಒಂಬತ್ತು ಬುಧವಾರ ನೊವೆನಾ ಎಂಬ ಪ್ರಾರ್ಥನಾ ವ್ರತ ಹಿಡಿಯುತ್ತಾರೆ. ಅದನ್ನು ಬಿಡಬೇಕಾಗಿಲ್ಲ, ಒಂಬತ್ತು ವಾರಗಳ ಸಿದ್ಧ ಕಾಲಪಟ್ಟಿಯನ್ನಾಗಿ ಬಳಸಿಕೊಳ್ಳಿ. ಪ್ರತಿ ಬುಧವಾರ ಹೋಗುವಾಗ ರೈಲಿನಲ್ಲಿ ಕಳೆದ ವಾರದ ಪುಟಗಳನ್ನು ಓದಿ. ಆದರೆ "ಈ ಕೆಲಸ ಸಿಕ್ಕರೆ ಇಂಥದ್ದನ್ನು ಕೊಡುತ್ತೇನೆ" ಎಂಬ ಹರಕೆಯನ್ನು, ನೀವು ಕಥೋಲಿಕರಾಗಿರಲಿ ಪ್ರಾಟೆಸ್ಟಂಟರಾಗಿರಲಿ, ಈ ಹಂತದಲ್ಲಿ ಹೊರಬೇಡಿ. ದುಡುಕಿ ಹರಕೆ ಹೊತ್ತು ಆಮೇಲೆ ವಿಚಾರಿಸುವುದು ಉರುಲು ಎಂದು ಜ್ಞಾನೋಕ್ತಿ 20:25 ಹೇಳುತ್ತದೆ.

ಹಂತ 3: ಮೇರೆಗಳನ್ನು ಗೊತ್ತುಮಾಡುವುದು

ಎಂಟು ಹಂತಗಳಲ್ಲಿ ಹೆಚ್ಚಿನವರು ಹಾರಿಸಿಬಿಡುವುದು ಇದನ್ನೇ, ಹೆಚ್ಚಿನ ಸೋಲುಗಳ ಬೇರು ಇರುವುದೂ ಇಲ್ಲಿಯೇ. ಕೈಗೆ ಯಾವ ಕೆಲಸವೂ ಬಾರದಿರುವಾಗಲೇ ಮೇರೆಗಳನ್ನು ಬರೆಯಬೇಕು. ಆಫರ್ ಪತ್ರ ಮೇಜಿನ ಮೇಲಿರುವಾಗ ಬರೆದ ಮೇರೆಗಳು ಆ ಪತ್ರದ ಆಕಾರವನ್ನೇ ತಾಳುತ್ತವೆ.

ನೋಟ್‌ಬುಕ್‌ನ ಒಂದು ಪುಟವನ್ನು ಮೂರು ಕಾಲಂ ಮಾಡಿ. ಮೊದಲನೆಯದರಲ್ಲಿ ಏನೇ ಆದರೂ ಮಾಡದಂಥವು: ಕೆಲಸಕ್ಕಾಗಿ ಲಂಚ ಕೊಡುವುದು, ಇಲ್ಲದ ಅನುಭವಕ್ಕೆ ಪತ್ರ ಮಾಡಿಸುವುದು, ಗ್ರಾಹಕರನ್ನು ವಂಚಿಸಲೇಬೇಕಾದ ಅಥವಾ ಸಾಲಗಾರರನ್ನು ಹೆದರಿಸಲೇಬೇಕಾದ ಕೆಲಸ. ಎರಡು ವರ್ಷದ ನಕಲಿ ಅನುಭವ ತೋರಿಸಿ ಐಟಿ ಕಂಪನಿ ಸೇರಿ, "ದೇವರು ಕೃಪೆ ಮಾಡಿದರು" ಎಂದು ಸಾಕ್ಷಿ ಹೇಳುವವರು ನಮ್ಮ ನಡುವೆ ಇಲ್ಲವೆಂದು ನಟಿಸುವುದು ಬೇಡ. ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದಾಗ ಆ ಸಾಕ್ಷಿಯ ಗತಿ ಏನಾಗುತ್ತದೆಂದು ಅವರು ಯೋಚಿಸಿರುವುದಿಲ್ಲ. ಗೋವಾದಲ್ಲಿ ಕೆಲಸ ಹುಡುಕುವವರು ಕ್ಯಾಸಿನೊ ಮತ್ತು ಬಾರಿನ ಕೆಲಸದ ಬಗ್ಗೆಯೂ ಈಗಲೇ ತೀರ್ಮಾನಿಸಬೇಕು. ಈ ವಿಷಯದಲ್ಲಿ ಒಂದು ಸಭೆಯ ಮನಸ್ಸಾಕ್ಷಿ ಇನ್ನೊಂದು ಸಭೆಯದರಂತಿಲ್ಲ. ನಿಮ್ಮದು ಏನು ಹೇಳುತ್ತದೆಂದು ಬರೆಯಿರಿ.

ಎರಡನೆಯ ಕಾಲಂನಲ್ಲಿ ಒಂದು ವರ್ಷದ ಮಟ್ಟಿಗೆ ಸಹಿಸಿಕೊಳ್ಳಬಹುದಾದವು ಬರುತ್ತವೆ: ರಾತ್ರಿ ಪಾಳಿ, ಕಡಿಮೆ ಸಂಬಳ, ದೂರದ ಪ್ರಯಾಣ, ಭಾನುವಾರದ ಕೆಲಸ. ಭಾನುವಾರದ ಪ್ರಶ್ನೆಯನ್ನು ಹಗುರವಾಗಿ ಬರೆಯಬೇಡಿ. ಆಸ್ಪತ್ರೆ, ಹೋಟೆಲು, ಮಾಲ್‌ಗಳಲ್ಲಿ ಭಾನುವಾರ ರಜೆ ಕೇಳುವುದೆಂದರೆ ಕೆಲಸವನ್ನೇ ಬೇಡವೆಂದಂತೆ. ಹಾಗಿದ್ದರೆ ತಿಂಗಳಿಗೆ ಎಷ್ಟು ಭಾನುವಾರ ಬಿಟ್ಟುಕೊಡಬಲ್ಲಿರಿ, ಸಂಜೆಯ ಆರಾಧನೆ ಇರುವ ಸಭೆ ಹತ್ತಿರದಲ್ಲಿದೆಯೇ ಎಂದು ಸ್ಪಷ್ಟವಾಗಿ ಬರೆಯಿರಿ. (ಮುಂಬೈಯಲ್ಲಿ ಭಾನುವಾರ ರಜೆ ಸಿಕ್ಕಿದರೂ ಹಳಿಗಳ ದುರಸ್ತಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕ್ ಆರಾಧನೆಯನ್ನು ತಪ್ಪಿಸುವುದುಂಟು, ಅದು ಬೇರೆ ಮಾತು.) ಪ್ರಯಾಣವನ್ನು ಕಿಲೋಮೀಟರಿನಲ್ಲಿ ಬರೆಯದೆ ಗಂಟೆಯಲ್ಲಿ ಬರೆಯಬೇಕು. ವಿರಾರ್‌ನಿಂದ ಚರ್ಚ್‌ಗೇಟ್ ಸುಮಾರು 60 ಕಿಲೋಮೀಟರ್ ಎನ್ನುವುದಕ್ಕಿಂತ ಮನೆಯ ಬಾಗಿಲಿನಿಂದ ಕಚೇರಿಯ ಕುರ್ಚಿಯವರೆಗೆ ಎರಡು ಗಂಟೆ ಹಿಡಿಯುತ್ತದೆ ಎನ್ನುವುದು ನಿಜವಾದ ಅಳತೆ. ಪುಣೆಯ ಹಡಪ್ಸರ್‌ನಲ್ಲಿ ಮನೆ, ಹಿಂಜೆವಾಡಿಯಲ್ಲಿ ಕೆಲಸ ಎಂದರೆ ಊರಿನ ಈ ತುದಿಯಿಂದ ಆ ತುದಿ. ಅಲ್ಲಿಗೆ ಹೋಗಿಬರುವವರನ್ನು ಕೇಳಿ ಗಂಟೆಗಳನ್ನು ಬರೆದುಕೊಳ್ಳಿ.

ಮೂರನೆಯ ಕಾಲಂನಲ್ಲಿ ಇಷ್ಟಗಳು. ಅದನ್ನು ಬೇಗ ಮುಗಿಸಿ.

ಪುಟ ಸಿದ್ಧವಾದ ಮೇಲೆ ಕೆಳಗೆ ದಿನಾಂಕ ಹಾಕಿ, ಇಬ್ಬರು ಸಲಹೆಗಾರರಿಗೂ ತೋರಿಸಿ. ನಾನು ಇದನ್ನೆಲ್ಲ ಕಲಿತದ್ದು ಸೋತು. ವರ್ಷಗಳ ಹಿಂದೆ ಪಿಂಪ್ರಿ ಚಿಂಚವಾಡದ ಕಡೆ ಒಂದು ಕೆಲಸ ಮೊದಲ ಸಂದರ್ಶನದಲ್ಲಿಯೇ ಸಿಕ್ಕಿದಾಗ, ಇಷ್ಟು ಸಲೀಸಾಗಿ ಸಿಕ್ಕಿದ್ದು ದೇವರಿಂದಲೇ ಎಂದು ಯಾರನ್ನೂ ಕೇಳದೆ ಸೇರಿದೆ. ಬಿಲ್ಲುಗಳಲ್ಲಿ ಸುಳ್ಳು ತೂಕ ಬರೆಯುವುದು ನನ್ನ ಕೆಲಸದ ಭಾಗವೆಂದು ಎರಡನೆಯ ವಾರದಲ್ಲಿ ತಿಳಿಯಿತು. ಬಿಡಲು ನಾಲ್ಕು ತಿಂಗಳು ಬೇಕಾಯಿತು. ಮೇರೆಗಳನ್ನು ಮೊದಲೇ ಬರೆದಿದ್ದರೆ ಸಂದರ್ಶನದಲ್ಲಿ ಕೇಳಬೇಕಾದ ಒಂದು ಪ್ರಶ್ನೆ ನನ್ನ ಬಳಿ ಇರುತ್ತಿತ್ತು.

ಹಂತ 4: ಕಾಲಿಗೆ ಕೆಲಸ ಕೊಡುವುದು

ಮತ್ತಾಯ 20ರ ದ್ರಾಕ್ಷೆಯ ತೋಟದ ಸಾಮ್ಯವನ್ನು ಮುಂಬೈ ಪುಣೆಯ ಕನ್ನಡಿಗರಿಗೆ ಯಾರೂ ವಿವರಿಸಬೇಕಾಗಿಲ್ಲ. ಕಲಬುರ್ಗಿ, ಯಾದಗಿರಿ ಕಡೆಯಿಂದ ಬಂದವರು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು, ಕೂಲಿಗೆ ಕರೆಯುವವರನ್ನು ಕಾಯುತ್ತ ನಾಕಾದಲ್ಲಿ (ರಸ್ತೆ ಕೂಡುವಲ್ಲಿ) ನಿಲ್ಲುವುದನ್ನು ನಾವು ದಿನವೂ ನೋಡುತ್ತೇವೆ. ಸಂಜೆ ಐದು ಗಂಟೆಗೆ ಕರೆಸಿಕೊಂಡವರಿಗೂ ಯಜಮಾನನು ಪೂರ್ತಿ ಕೂಲಿ ಕೊಟ್ಟನೆಂಬ ಕೃಪೆಯನ್ನು ನಾವು ಹಿಡಿದುಕೊಂಡಿದ್ದೇವೆ. ಆ ಹೊತ್ತಿನವರೆಗೂ ಅವರು ಪೇಟೆಯಲ್ಲಿಯೇ ನಿಂತಿದ್ದರು ಎಂಬುದನ್ನು ಬಿಟ್ಟಿದ್ದೇವೆ.

ವಾರಕ್ಕೆ ಹತ್ತು ಅರ್ಜಿ ಎಂಬ ಲೆಕ್ಕವಿಟ್ಟುಕೊಳ್ಳಿ. ಒಂದೇ ರೆಸ್ಯೂಮೆಯನ್ನು ಐವತ್ತು ಕಡೆ ಎಸೆಯುವುದು ಅರ್ಜಿಯಲ್ಲ. ಪ್ರತಿ ಕೆಲಸದ ವಿವರವನ್ನು ಓದಿ ಮೊದಲ ಐದು ಸಾಲುಗಳನ್ನು ಅದಕ್ಕೆ ತಕ್ಕಂತೆ ತಿದ್ದಬೇಕು. ಹತ್ತರಲ್ಲಿ ಕನಿಷ್ಠ ಮೂರು ಪರಿಚಯದವರ ಮೂಲಕ ಹೋಗಲಿ. ಸಭೆಯಲ್ಲಿ ಎದ್ದುನಿಂತು "ನನಗೆ ಕೆಲಸ ಇಲ್ಲ, ಪ್ರಾರ್ಥಿಸಿರಿ" ಎಂದು ಹೇಳಲು ನಮಗೆ ಸಂಕೋಚವಿಲ್ಲ, ಆದರೆ ಅದೇ ಸಭೆಯಲ್ಲಿ ಚಾಕಣದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರುವ ಅಣ್ಣನ ಬಳಿ ಹೋಗಿ "ನಿಮ್ಮಲ್ಲಿ ಜಾಗ ಇದ್ದರೆ ತಿಳಿಸಿ ಅಣ್ಣಾ" ಎನ್ನಲು ನಾಚಿಕೆ. ಪ್ರಾರ್ಥನಾ ವಿನಂತಿಯನ್ನು ಕೊಡುವಾಗ ನಿಮ್ಮ ವಿದ್ಯಾರ್ಹತೆ, ಅನುಭವ ಮತ್ತು ಹುಡುಕುತ್ತಿರುವ ಕೆಲಸವನ್ನೂ ಎರಡು ವಾಕ್ಯದಲ್ಲಿ ಹೇಳಿ.

ಸ್ಥಳಕ್ಕೆ ತಕ್ಕಂತೆ ಕಾಲವೂ ಬೇರೆ. ಗೋವಾದ ಹೋಟೆಲುಗಳ ಪ್ರವಾಸಿ ಹಂಗಾಮು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಆದ್ದರಿಂದ ಮಳೆಗಾಲ ಮುಗಿಯುವ ಮೊದಲೇ ಅರ್ಜಿ ಹಾಕಬೇಕು, ಜೂನ್‌ನಲ್ಲಿ ಕೆಲಸ ಸಿಗಲಿಲ್ಲವೆಂದು ದೇವರನ್ನು ಪ್ರಶ್ನಿಸಬಾರದು. ಚಾಕಣ, ರಾಂಜಣಗಾಂವ್, ವೆರ್ಣಾದಂಥ ಕೈಗಾರಿಕಾ ಪ್ರದೇಶಗಳಲ್ಲಿ ಗೇಟಿನ ಮೇಲೆ ಒಂದು ಕಂಪನಿಯ ಹೆಸರಿದ್ದು ಸಂಬಳ ಕೊಡುವವನು ಗುತ್ತಿಗೆದಾರನಾಗಿರುವುದು ಉಂಟು. ನೇಮಕಾತಿ ಪತ್ರ ಯಾರ ಹೆಸರಿನಲ್ಲಿ, ಭವಿಷ್ಯನಿಧಿ ಯಾರು ಕಟ್ಟುತ್ತಾರೆ ಎಂದು ಮೊದಲೇ ಕೇಳಿ. ಕೆಲಸವಿಲ್ಲದ ದಿನಗಳಲ್ಲಿ ಮರಾಠಿಯನ್ನು ಮಾತಿನ ಮಟ್ಟಕ್ಕಾದರೂ ಕಲಿಯಿರಿ. ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯನು ಬರೆದ ಪತ್ರದ 29:11ನೆಯ ವಚನ ನಮ್ಮ ಎಷ್ಟೋ ಮನೆಗಳ ಗೋಡೆಯ ಮೇಲಿದೆ. ಅದಕ್ಕಿಂತ ನಾಲ್ಕು ವಚನ ಮೊದಲು, ನೀವು ಇರುವ ಪಟ್ಟಣದ ಕ್ಷೇಮವನ್ನು ಹಾರೈಸಿ ಅದಕ್ಕಾಗಿ ಪ್ರಾರ್ಥಿಸಿರಿ ಎಂದಿದೆ; ಒಂದು ವಚನ ಮೊದಲು, 70 ವರ್ಷ ಎಂದಿದೆ. ಇರುವ ಊರಿನ ಭಾಷೆ ಕಲಿಯುವುದು ಆ ಪತ್ರಕ್ಕೆ ತೋರಿಸುವ ವಿಧೇಯತೆಯೇ.

ಹಂತ 5: ಮುಚ್ಚಿದ ಬಾಗಿಲನ್ನು ಓದುವುದು

ಅರ್ಜಿಗೆ ಉತ್ತರ ಬಾರದಿದ್ದಾಗ ಮೊದಲು ಎಲ್ಲಿ ತಡೆಯುತ್ತಿದೆ ಎಂದು ನೋಡಿ. ಮೂವತ್ತು ಅರ್ಜಿ ಹಾಕಿಯೂ ಒಂದು ಕರೆಯೂ ಬಾರದಿದ್ದರೆ ದೋಷ ರೆಸ್ಯೂಮೆಯಲ್ಲಿದೆ, ಇಲ್ಲವೇ ನೀವು ಹುಡುಕುತ್ತಿರುವ ಕೆಲಸ ನಿಮ್ಮ ಅನುಭವಕ್ಕೆ ಸರಿಹೊಂದುತ್ತಿಲ್ಲ. ಕರೆ ಬಂದು ಸಂದರ್ಶನದಲ್ಲಿ ನಿಲ್ಲುತ್ತಿದ್ದರೆ ಅಭ್ಯಾಸ ಸಾಲದು. ವೃತ್ತಿ ಬಲ್ಲ ಸಲಹೆಗಾರರ ಎದುರು ಕುಳಿತು ಮೂರು ಸಾರಿ ಅಣಕು ಸಂದರ್ಶನ ಮಾಡಿ. ಎಲ್ಲ ಮುಗಿದು ಕೊನೆಯಲ್ಲಿ ತಪ್ಪುತ್ತಿದ್ದರೆ ಸಂಬಳದ ಮಾತು, ನೋಟಿಸ್ ಅವಧಿ ಅಥವಾ ದಾಖಲೆ, ಈ ಮೂರರಲ್ಲಿ ಒಂದನ್ನು ಪರೀಕ್ಷಿಸಿ. ಈ ಮೂರು ತಪಾಸಣೆ ಮುಗಿಯುವ ತನಕ "ದೇವರ ಚಿತ್ತವಲ್ಲ" ಎಂಬ ಮಾತನ್ನು ಬಾಯಿಗೆ ತರಬೇಡಿ.

ಮುಗಿದ ಮೇಲೆ ಅಪೊಸ್ತಲರ ಕೃತ್ಯಗಳು 16:6–10ನ್ನು ನಿಧಾನವಾಗಿ ಓದಿ. ಪೌಲನಿಗೆ ಆಸ್ಯಸೀಮೆಯಲ್ಲಿ ತಡೆಯಾಯಿತು, ಬಿಥೂನ್ಯಕ್ಕೆ ಹೋಗಲು ಪ್ರಯತ್ನಿಸಿದಾಗ ಅಲ್ಲಿಯೂ ತಡೆಯಾಯಿತು. ಎರಡು ಬಾಗಿಲು ಮುಚ್ಚಿದಾಗ ಅವನು ಅಂತಿಯೋಕ್ಯಕ್ಕೆ ಹಿಂದಿರುಗಿ ಮನೆಯಲ್ಲಿ ಕೂರಲಿಲ್ಲ, ತ್ರೋವದವರೆಗೆ ನಡೆದ. ದರ್ಶನ ಬಂದದ್ದು ಅಲ್ಲಿ. ದರ್ಶನ ಕಂಡವನು ಒಬ್ಬನೇ ಆದರೂ "ನಾವು" ನಿಶ್ಚಯಿಸಿಕೊಂಡೆವು ಎಂದು ಹತ್ತನೆಯ ವಚನ ಹೇಳುವುದನ್ನೂ ಗಮನಿಸಿ.

ಈ ಹಂತದಲ್ಲಿ ಮನಸ್ಸು ಕುಗ್ಗುತ್ತದೆ. ಜೆಸ್ವಿಟ್ ಸಂಘವನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸರು ತಮ್ಮ "ಆತ್ಮಿಕ ಸಾಧನೆಗಳು" ಎಂಬ ಪುಸ್ತಕದಲ್ಲಿ ಕೊಟ್ಟ ಒಂದು ನಿಯಮ ಯಾವ ಸಭೆಯವರಿಗೂ ಉಪಯೋಗಕ್ಕೆ ಬರುವಂಥದು: ಆತ್ಮವು ಬರಡಾಗಿರುವ ಹೊತ್ತಿನಲ್ಲಿ, ಅದಕ್ಕೆ ಹಿಂದೆ ನೆಮ್ಮದಿಯಲ್ಲಿದ್ದಾಗ ಮಾಡಿದ ತೀರ್ಮಾನವನ್ನು ಬದಲಿಸಬಾರದು. ಸತತ ಮೂರು ನಿರಾಕರಣೆ ಬಂದ ರಾತ್ರಿ, ಮುಂಬೈ ಬಿಟ್ಟು ಊರಿಗೆ ಹೋಗಿಬಿಡೋಣ ಎಂದೋ ಎರಡು ಲಕ್ಷ ಕೊಟ್ಟು ಕೆಲಸ ಮಾಡಿಸಿಕೊಳ್ಳೋಣ ಎಂದೋ ಅನಿಸಿದರೆ, ಅದನ್ನು ನೋಟ್‌ಬುಕ್‌ನಲ್ಲಿ ಬರೆದು ಮಲಗಿ. ಬೆಳಗ್ಗೆಗೆ ಅದರ ತೂಕ ಬೇರೆಯಾಗಿರುತ್ತದೆ.

ಅಪಾಯದ ಲಕ್ಷಣ: ನಿಮ್ಮ ಮನೆಯಲ್ಲಿ ಯಾವುದೋ ಪಾಪವಿದೆ, ಅದಕ್ಕೇ ಕೆಲಸ ಸಿಗುತ್ತಿಲ್ಲ ಎಂದು ಹೇಳುವವರು. ಹುಟ್ಟು ಕುರುಡನ ವಿಷಯದಲ್ಲಿ ಶಿಷ್ಯರು ಇದೇ ಪ್ರಶ್ನೆ ಕೇಳಿದಾಗ ಇವನ ಪಾಪವೂ ಅಲ್ಲ, ತಂದೆತಾಯಿಗಳ ಪಾಪವೂ ಅಲ್ಲ ಎಂದು ಕರ್ತನು ಕೊಟ್ಟ ಉತ್ತರ ಯೋಹಾನ 9:3ರಲ್ಲಿದೆ. ಆ ಪಾಪವನ್ನು ಬಿಡಿಸಲು ವಿಶೇಷ ಕಾಣಿಕೆ ಬೇಕೆಂದರೆ ಅಲ್ಲಿಂದ ಎದ್ದು ಬನ್ನಿ.

ಹಂತ 6: ಗುರುತುಗಳನ್ನು ಕೊನೆಗೆ ತೂಗುವುದು

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಎತ್ತಿದ ವಾಗ್ದಾನದ ಚೀಟಿ, ಕಣ್ಣುಮುಚ್ಚಿ ಸತ್ಯವೇದ ತೆರೆದಾಗ ಸಿಕ್ಕ ವಚನ, ಅತ್ತೆಗೆ ಬಿದ್ದ ಕನಸು, ಉಪವಾಸ ಕೂಟದಲ್ಲಿ ಬಂದ ಪ್ರವಾದನೆ, ಇವುಗಳನ್ನು ಹಿಡಿದು ಕೆಲಸ ಬಿಟ್ಟವರೂ ಹಿಡಿದವರೂ ನಮ್ಮಲ್ಲಿದ್ದಾರೆ. ದೇವರು ಇವುಗಳ ಮೂಲಕ ಮಾತನಾಡಲಾರನೆಂದು ನಾನು ಹೇಳುವುದಿಲ್ಲ. ಆದರೆ ಯೆರೆಮೀಯನ ಅದೇ 29ನೆಯ ಅಧ್ಯಾಯದಲ್ಲಿ, ಪ್ರಸಿದ್ಧವಾದ ವಚನಕ್ಕೆ ಮೂರು ವಚನ ಮುಂಚೆ, ನಿಮ್ಮ ನಡುವಿನ ಪ್ರವಾದಿಗಳಿಂದಲೂ ಕನಸುಗಳಿಂದಲೂ ಮೋಸಹೋಗಬೇಡಿರಿ ಎಂಬ ಎಚ್ಚರಿಕೆಯಿದೆ.

ಉಣ್ಣೆಯ ಮೇಲೆ ಮಾತ್ರ ಮಂಜು ಬಿದ್ದರೆ ದೇವರ ಮಾತನ್ನು ನಂಬುತ್ತೇನೆಂದ ಗಿದ್ಯೋನನ ಪರೀಕ್ಷೆಯನ್ನು ಮಾದರಿಯಾಗಿ ಹಿಡಿಯುವವರು ನ್ಯಾಯಸ್ಥಾಪಕರು 6ನೆಯ ಅಧ್ಯಾಯವನ್ನು ಮೊದಲಿನಿಂದ ಓದಬೇಕು. ಹೋಗು ಎಂಬ ಆಜ್ಞೆ ಅವನಿಗೆ 14ನೆಯ ವಚನದಲ್ಲಿಯೇ ಸ್ಪಷ್ಟವಾಗಿ ಸಿಕ್ಕಿತ್ತು. ಉಣ್ಣೆ ಬಂದದ್ದು 36ರಿಂದ ಮುಂದೆ, ಅಳುಕಿನಿಂದ. ದೇವರು ಅವನ ಅಳುಕನ್ನು ತಾಳಿಕೊಂಡನೆಂಬುದು ನಮಗೆ ಆದರಣೆ, ಮೂರು ಗಂಟೆಯೊಳಗೆ ಎಚ್‌ಆರ್ ಕರೆ ಮಾಡಿದರೆ ಸೇರುತ್ತೇನೆ ಎಂದು ಷರತ್ತು ಹಾಕಲು ಪರವಾನಗಿಯಲ್ಲ.

ಗುರುತು ಬಂದರೆ ಹೀಗೆ ಮಾಡಿ: ದಿನಾಂಕದೊಂದಿಗೆ ಬರೆಯಿರಿ, ಮೂರನೆಯ ಹಂತದ ಮೊದಲ ಕಾಲಂಗೆ ವಿರುದ್ಧವಾಗಿದ್ದರೆ ಅಲ್ಲಿಗೇ ಬಿಡಿ, ವಿರುದ್ಧವಾಗಿಲ್ಲದಿದ್ದರೆ ಸಲಹೆಗಾರರಿಬ್ಬರಿಗೂ ಬೇರೆ ಬೇರೆಯಾಗಿ ತಿಳಿಸಿ. ಆ ಗುರುತು ಇಲ್ಲದಿದ್ದರೂ ನೀವು ಅದೇ ತೀರ್ಮಾನ ಮಾಡುತ್ತಿದ್ದಿರಾ ಎಂದು ಕೇಳಿಕೊಳ್ಳಿ. ಇಲ್ಲವೆಂದಾದರೆ ಆ ಗುರುತಿನ ಮೇಲೆ ಭಾರ ಹಾಕಬೇಡಿ.

ಹಂತ 7: ಕೆಲಸ ಕೈಗೆ ಬಂದಾಗ

ಮೊದಲು ಪತ್ರದ ಸಾಚಾತನ. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ತರಬೇತಿ ಹಣ ಎಂದು ಯಾವ ಹೆಸರಿನಲ್ಲಿ ಮುಂಗಡ ಕೇಳಿದರೂ ಅದನ್ನು ಮೋಸವೆಂದೇ ತಿಳಿಯಿರಿ. ಹಣ ಕೊಟ್ಟುಬಿಟ್ಟಿದ್ದರೆ ನಾಚಿಕೆಪಟ್ಟು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ; ಸೈಬರ್ ಹಣಕಾಸು ವಂಚನೆಯ ರಾಷ್ಟ್ರೀಯ ಸಹಾಯವಾಣಿ ಅದು. ಕೊಲ್ಲಿ ದೇಶಗಳ ಕೆಲಸವಾದರೆ ಏಜೆಂಟನು 1983ರ ವಲಸೆ ಕಾಯ್ದೆಯಡಿ ನೋಂದಾಯಿತನೇ ಎಂದು ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ನೋಂದಾಯಿತ ಏಜೆಂಟನು ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಎಂಬ ಮಿತಿಯಿದೆ. ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಿಸಿಕೊಡುತ್ತೇವೆ ಎನ್ನುವವನು ಸಭೆಯವನೇ ಆಗಿದ್ದರೂ, ಊರಿನವನೇ ಆಗಿದ್ದರೂ ಬೇಡವೆನ್ನಿ. ನಮ್ಮವರು ಮೋಸಹೋಗುವುದು ಹೆಚ್ಚಾಗಿ "ಪ್ರೈಸ್ ದ ಲಾರ್ಡ್" ಎಂದು ಮಾತು ಆರಂಭಿಸುವವರಿಂದಲೇ.

ನಂತರ ಸಂಬಳದ ನಿಜರೂಪ. ವರ್ಷಕ್ಕೆ 6 ಲಕ್ಷ ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ) ಎಂದರೆ ತಿಂಗಳಿಗೆ 50,000 ಕೈಗೆ ಬರುತ್ತದೆಂದಲ್ಲ. ಕಂಪನಿ ಕಟ್ಟುವ ಭವಿಷ್ಯನಿಧಿ, ಗ್ರಾಚ್ಯುಟಿ, ಕೆಲವೊಮ್ಮೆ ವಿಮೆಯ ಕಂತೂ ಅದರೊಳಗೇ ಸೇರಿರುತ್ತವೆ, ನಿಮ್ಮ ಪಾಲಿನ ಭವಿಷ್ಯನಿಧಿ ಬೇರೆ ಕಡಿತವಾಗುತ್ತದೆ. ಕೈಗೆ ಬರುವ ಮೊತ್ತವನ್ನು ಕೇಳಿ ಪಡೆದು ಮೊದಲ ಹಂತದ ಲೆಕ್ಕದ ಪಕ್ಕದಲ್ಲಿಡಿ.

ಆಮೇಲೆ 48 ಗಂಟೆ ಕಾಲಾವಕಾಶ ಕೇಳಿ. ಈ ಎರಡು ದಿನದಲ್ಲಿ ಹೊಸ ಉಪವಾಸ, ಹೊಸ ಗುರುತು ಬೇಡ. ಮೇರೆಗಳ ಪುಟ ತೆರೆದು ಸಾಲುಸಾಲಾಗಿ ಹೋಲಿಸಿ, ಮನೆಯವರೊಂದಿಗೆ ಕುಳಿತು ಮಾತನಾಡಿ, ಸಲಹೆಗಾರರಿಗೆ ತಿಳಿಸಿ. ಇಗ್ನೇಷಿಯಸರ ಇನ್ನೊಂದು ಉಪಾಯವೂ ಇಲ್ಲಿ ಕೆಲಸ ಮಾಡುತ್ತದೆ: ಹಿಂದೆಂದೂ ಕಾಣದ ಒಬ್ಬ ಅಪರಿಚಿತ ಇದೇ ಪರಿಸ್ಥಿತಿಯಲ್ಲಿ ನಿಮ್ಮ ಬಳಿ ಬಂದರೆ, ಅವನ ಒಳಿತನ್ನಷ್ಟೇ ಬಯಸಿ ಏನು ಹೇಳುತ್ತಿದ್ದಿರೋ ಅದನ್ನು ನೀವೂ ಪಾಲಿಸಿ. ಮೇರೆಯೊಳಗಿದೆ, ಲೆಕ್ಕಕ್ಕೆ ಹೊಂದುತ್ತದೆ, ಇಬ್ಬರೂ ಅಡ್ಡಿ ಹೇಳಲಿಲ್ಲ ಎಂದಾದರೆ ಒಪ್ಪಿಕೊಳ್ಳಿ. ಮನಸ್ಸಿನಲ್ಲಿ ಸಣ್ಣ ಅಂಜಿಕೆ ಉಳಿದೇ ಇರುತ್ತದೆ. ಹೊಸ ಕೆಲಸಕ್ಕೆ ಹೊರಟವನಿಗೆ ಅದು ಸಹಜ, ಅದನ್ನು ದೇವರ ತಡೆ ಎಂದು ಓದಬೇಡಿ. ಮೊದಲ ಕಾಲಂನ ಒಂದೇ ಒಂದು ಸಾಲಿಗೆ ತಗುಲಿದರೂ, ಸಂಬಳ ಎಷ್ಟಿದ್ದರೂ, ಅದೇ ದಿನ ವಿನಯದಿಂದ ಬೇಡವೆಂದು ಬರೆದು ತಿಳಿಸಿ.

ಈಗಿರುವ ಕೆಲಸಕ್ಕೆ ರಾಜೀನಾಮೆ ಕೊಡುವವರು ಹೊಸ ಕೆಲಸದ ಪತ್ರ ಬರಹದಲ್ಲಿ ಕೈಸೇರುವ ಮುನ್ನ ಕೊಡಬಾರದು. ಐಟಿ ಕಂಪನಿಗಳಲ್ಲಿ 90 ದಿನಗಳ ನೋಟಿಸ್ ಸಾಮಾನ್ಯ. ಅದನ್ನು ಪೂರ್ತಿ ದುಡಿದು ರಿಲೀವಿಂಗ್ ಪತ್ರ ಪಡೆದೇ ಹೊರಡಬೇಕು.

ಹಂತ 8: ಸೇರಿದ ಮೇಲಿನ ಮೊದಲ ಮೂರು ತಿಂಗಳು

ನೋಟ್‌ಬುಕ್ ಎತ್ತಿಡಬೇಡಿ. ಎರಡನೆಯ ಕಾಲಂನಲ್ಲಿ ಒಂದು ವರ್ಷಕ್ಕೆಂದು ಒಪ್ಪಿಕೊಂಡವುಗಳ ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಇಲ್ಲವಾದರೆ ಒಂದು ವರ್ಷದ ರಾತ್ರಿ ಪಾಳಿ ಹತ್ತು ವರ್ಷವಾಗುತ್ತದೆ. ಮೊದಲ ಸಂಬಳದಲ್ಲಿ ಕಾಣಿಕೆಯನ್ನು ತೆಗೆದಿಟ್ಟ ಕೂಡಲೇ, ಹುಡುಕಾಟದ ದಿನಗಳಲ್ಲಿ ಕೈಗಡ ಕೊಟ್ಟವರ ಪಟ್ಟಿ ತೆಗೆದು ಅವರಿಗೆ ಹಿಂದಿರುಗಿಸಲು ಆರಂಭಿಸಿ.

ಸಭೆಯಲ್ಲಿ ಸಾಕ್ಷಿ ಹೇಳಲು ಕರೆದಾಗ ಕೆಲಸ ಸಿಕ್ಕ ದಿನವನ್ನಷ್ಟೇ ಹೇಳಬೇಡಿ. ಎಷ್ಟು ಅರ್ಜಿ ಹಾಕಿದಿರಿ, ಎಷ್ಟು ಕಡೆ ಬೇಡವೆಂದರು, ಯಾವ ತಿಂಗಳಲ್ಲಿ ಪ್ರಾರ್ಥಿಸಲೂ ಮನಸ್ಸಾಗಲಿಲ್ಲ ಎಂಬುದನ್ನು ನೋಟ್‌ಬುಕ್ ನೋಡಿಕೊಂಡೇ ಹೇಳಿ. ಹಿಂದಿನ ಬೆಂಚಿನಲ್ಲಿ ಮೂರನೆಯ ತಿಂಗಳ ಕೊನೆಯ ವಾರದಲ್ಲಿರುವವರು ಯಾರಾದರೂ ಕುಳಿತಿರುತ್ತಾರೆ. ಆರಾಧನೆ ಮುಗಿದ ಮೇಲೆ ಚಹಾದ ಹೊತ್ತಿಗೆ ಅವರನ್ನು ಹುಡುಕಿ, ನಿಮ್ಮ ಕಂಪನಿಯಲ್ಲಿ ಖಾಲಿಯಿರುವ ಜಾಗಗಳ ವಿವರ ಕೊಡಿ.